ದಿನನಿತ್ಯ ಕಿಲ್ಟ್, ಪರದೇಶ ಪ್ರವಾಸದಲ್ಲೂ ಕಿಲ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನಲ್ಲಿಯೇ ಜನ ದಿನವೂ ಕಿಲ್ಟ್ ಉಡುತ್ತಾರೆಯೇ?

ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟದಿಂದ ಮಂಡಿಯವರೆಗೆ ಉಡುವ ನೆರಿಗೆಯ ಸುತ್ತುಡುಪು. ಬಹುಪಾಲು ಜನ ಅದನ್ನು ದಿನವೂ ಉಡುವುದಿಲ್ಲ. ಎಡಿನ್‌ಬರೋ ಅಥವಾ ಗ್ಲಾಸ್ಗೋ ಬೀದಿಗಳಲ್ಲಿ ಶನಿವಾರದ ಮಧ್ಯಾಹ್ನ ಕಣ್ಣಿಗೆ ಬೀಳುವ ಕಿಲ್ಟುಗಳಲ್ಲಿ ಹೆಚ್ಚಿನವು ಮದುವೆಗೆಂದು ಬಾಡಿಗೆಗೆ ತಂದವು. ಉಳಿದವು ಬ್ಯಾಗ್‌ಪೈಪ್ ನುಡಿಸುವ ಪೈಪ್ ಬ್ಯಾಂಡಿನವರದ್ದು, ಫುಟ್‌ಬಾಲ್ ಅಥವಾ ರಗ್ಬಿ ಪಂದ್ಯಕ್ಕೆ ಹೊರಟವರದ್ದು, ಇಲ್ಲವೇ ಪ್ರವಾಸಿಗರ ಕ್ಯಾಮೆರಾಗಳಿಗಾಗಿ ಬೀದಿಯಲ್ಲಿ ನಿಂತವರದ್ದು. ಆದರೂ ತರಕಾರಿ ತರುವುದಕ್ಕೂ ಕೆಲಸಕ್ಕೆ ಹೋಗುವುದಕ್ಕೂ ಕಿಲ್ಟನ್ನೇ ಉಡುವ ಸಣ್ಣ ಗುಂಪೊಂದು ಅಲ್ಲಿಯೂ ಅಮೆರಿಕ, ಕೆನಡಾಗಳಲ್ಲಿಯೂ ಇದೆ. ಎಡಿನ್‌ಬರೋದ ಕಿಲ್ಟ್ ಹೊಲಿಯುವ ಮನೆತನದ ಹೋವಿ ನಿಕಲ್ಸ್‌ಬಿ ಅವರು 1990ರ ದಶಕದಿಂದ ಡೆನಿಮ್, ಚರ್ಮ, ಸೂಟಿನ ಬಟ್ಟೆಗಳಲ್ಲಿ ಕಿಲ್ಟ್ ಹೊಲಿದು, ತಾವೂ ಅದನ್ನೇ ನಿತ್ಯ ಉಟ್ಟು ತೋರಿಸಿದರು. ಸಿಯಾಟಲ್‌ನಲ್ಲಿ 2000ದಲ್ಲಿ ಆರಂಭವಾದ ಯೂಟಿಲಿಕಿಲ್ಟ್ಸ್ ಎಂಬ ಕಂಪನಿ ಜೇಬುಗಳಿರುವ ದಪ್ಪ ಹತ್ತಿಬಟ್ಟೆಯ ಕಿಲ್ಟನ್ನು ದುಡಿಯುವವರ ಉಡುಪಾಗಿಯೇ ಮಾರಾಟಕ್ಕಿಟ್ಟಿತು.

ಹಿಂದೆ ಅದು ದಿನದ ಉಡುಪೇ ಆಗಿತ್ತಲ್ಲವೇ? ಯಾವಾಗ ಬದಲಾಯಿತು?

ಆಗಿತ್ತು. 16ನೇ ಶತಮಾನದ ಕೊನೆಯ ಹೊತ್ತಿಗೆ ಹೈಲ್ಯಾಂಡ್ಸ್ ಎಂಬ ಗುಡ್ಡನಾಡಿನ ಗಂಡಸರು ಹಲವು ಗಜ ಉದ್ದದ ಉಣ್ಣೆಯ ಬಟ್ಟೆಯನ್ನು ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದ ಭಾಗವನ್ನು ಹೆಗಲ ಮೇಲೆ ಹೊದೆಯುತ್ತಿದ್ದರು. ದನ ಕಾಯುವಾಗ ಅದೇ ಉಡುಪು, ಮಳೆಗೆ ಅದೇ ಗೊಪ್ಪೆ, ರಾತ್ರಿಗೆ ಅದೇ ಕಂಬಳಿ. 18ನೇ ಶತಮಾನದ ಆರಂಭದಲ್ಲಿ ಸೊಂಟದಿಂದ ಕೆಳಗಿನ ಭಾಗ ಮಾತ್ರ ಬೇರೆಯಾಗಿ, ಹೊಲಿದ ನೆರಿಗೆಗಳ ಈಗಿನ ರೂಪದತ್ತ ಸಾಗಿತು. ಇದಕ್ಕೆ 1720ರ ದಶಕದಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ಉದ್ಯಮಿಯೇ ಕಾರಣನೆಂಬ ಕಥೆ ಪ್ರಸಿದ್ಧವಾಗಿದ್ದರೂ, ಅವನಿಗಿಂತ ಮೊದಲೇ ಜನ ಹೀಗೆ ಉಡುತ್ತಿದ್ದರೆಂದು ವಾದಿಸುವ ಇತಿಹಾಸಕಾರರು ಕಡಿಮೆಯೇನಿಲ್ಲ.

1746ರ ಏಪ್ರಿಲ್‌ನಲ್ಲಿ ಕಲೋಡನ್ ಯುದ್ಧದಲ್ಲಿ, ಪದಚ್ಯುತ ಸ್ಟುವರ್ಟ್ ರಾಜಮನೆತನದ ಪರ ನಿಂತ ಜಾಕೊಬೈಟ್ ದಂಗೆಕೋರರು ಸೋತ ಮೇಲೆ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. 1747ರ ಆಗಸ್ಟ್ 1ರಿಂದ ಜಾರಿಗೆ ಬಂದ ಆ ಕಾನೂನಿನಂತೆ ಮೊದಲ ಸಲ ಸಿಕ್ಕಿಬಿದ್ದವನಿಗೆ ಆರು ತಿಂಗಳ ಸೆರೆವಾಸ, ಎರಡನೆಯ ಸಲಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೇನೆಯ ಹೈಲ್ಯಾಂಡ್ ಪಡೆಗಳಿಗೆ ಮಾತ್ರ ವಿನಾಯಿತಿಯಿತ್ತು. 1782ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಒಂದು ತಲೆಮಾರು ಷರಾಯಿಯಲ್ಲೇ ಬೆಳೆದುಬಿಟ್ಟಿತ್ತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮದಲ್ಲಿ ದೊರೆಯೂ ಕಿಲ್ಟ್ ಉಟ್ಟು ಕಾಣಿಸಿಕೊಂಡ. ದನಗಾಹಿಯ ಉಡುಪು ದರ್ಬಾರಿನ ಉಡುಪಾಯಿತು. ತುಪ್ಪಳದ ಚೀಲ, ಬೆಳ್ಳಿಯ ಗುಂಡಿ, ರತ್ನದ ಪಿನ್ನುಗಳೆಲ್ಲ ಅಲ್ಲಿಂದಾಚೆ ಒಂದರ ಮೇಲೊಂದು ಏರಿಕೊಂಡವು. ದಿನವೂ ಉಡಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಈ ದರ್ಬಾರನ್ನು ಇಳಿಸುವುದು. ಕೆಳಗಿನ ಉತ್ತರಗಳಲ್ಲಿ ಬಹಳಷ್ಟು ಇದನ್ನೇ ಅನುಸರಿಸಿವೆ.

ನಾನು ಸ್ಕಾಟಿಷ್ ಮೂಲದವನಲ್ಲ. ಕಿಲ್ಟ್ ಉಟ್ಟರೆ ತಪ್ಪಾಗುತ್ತದೆಯೇ? ಯಾವ ಟಾರ್ಟನ್ (ಕಿಲ್ಟಿನ ಬಣ್ಣದ ಚೌಕಳಿ ವಿನ್ಯಾಸ) ಆರಿಸಬೇಕು?

ಕಾನೂನಿನ ಅಡ್ಡಿಯಿಲ್ಲ, ಮತ್ತು ಸ್ಕಾಟ್ಲೆಂಡಿನ ಜನರಲ್ಲಿ ಹೆಚ್ಚಿನವರು ಹೊರಗಿನವರು ಕಿಲ್ಟ್ ಉಡುವುದನ್ನು ಸಂತೋಷದಿಂದಲೇ ನೋಡುತ್ತಾರೆ; ಅಪಹಾಸ್ಯದ ವೇಷವಾಗಿ ಧರಿಸಿದರೆ ಮಾತ್ರ ಮುಖ ಸಿಂಡರಿಸುತ್ತಾರೆ. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಎಂಬ ಕಟ್ಟುನಿಟ್ಟು ಬಹುಮಟ್ಟಿಗೆ 19ನೇ ಶತಮಾನದಲ್ಲಿ ಬೆಳೆದದ್ದು. ಬ್ಯಾನಕ್‌ಬರ್ನ್ ಊರಿನ ನೇಯ್ಗೆಯ ಸಂಸ್ಥೆಯಾದ ವಿಲ್ಸನ್ಸ್ 1819ರ ತನ್ನ ಮಾದರಿ ಪುಸ್ತಕದಲ್ಲಿ ದಾಖಲಿಸಿದ ಚೌಕಳಿಗಳಲ್ಲಿ ಎಷ್ಟೋ ಮುಂದೆ ಕುಲಗಳ ಹೆಸರಿನಲ್ಲಿ ಸ್ಥಿರವಾದವು. ಸಂಪ್ರದಾಯದ ಬಲದಿಂದ ಇಂದಿಗೂ ಮೀಸಲಾಗಿರುವುದು ಮುಖ್ಯವಾಗಿ ಬಾಲ್ಮೋರಲ್ ಟಾರ್ಟನ್: ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರೂಪಿಸಿದ ಬೂದು ಬಣ್ಣದ ಆ ಚೌಕಳಿಯನ್ನು ರಾಜಮನೆತನದ ಅನುಮತಿಯಿಲ್ಲದೆ ಯಾರೂ ಧರಿಸುವುದಿಲ್ಲ.

ಬ್ಲ್ಯಾಕ್ ವಾಚ್, ಕ್ಯಾಲೆಡೋನಿಯಾ, ಐಲ್ ಆಫ್ ಸ್ಕೈ, ಫ್ಲವರ್ ಆಫ್ ಸ್ಕಾಟ್ಲೆಂಡ್ ಮುಂತಾದವು ಎಲ್ಲರಿಗೂ ಮುಕ್ತವೆಂದು ಪರಿಗಣಿತವಾಗಿವೆ. 2008ರ ಕಾಯ್ದೆಯಂತೆ 2009ರ ಫೆಬ್ರವರಿಯಲ್ಲಿ ಆರಂಭವಾದ ಸ್ಕಾಟ್ಲೆಂಡಿನ ಅಧಿಕೃತ ಟಾರ್ಟನ್ ದಾಖಲೆಯಲ್ಲಿ ಕುಲಗಳಷ್ಟೇ ಅಲ್ಲದೆ ಊರುಗಳು, ಸಂಸ್ಥೆಗಳು, ವಲಸೆ ಬಂದ ಸಮುದಾಯಗಳ ವಿನ್ಯಾಸಗಳೂ ಸೇರಿವೆ. ಸಿಂಗ್ ಎಂಬ ಹೆಸರಿನ ಟಾರ್ಟನ್ ಕೂಡ ಇದೆ. ನನ್ನನ್ನು ಕೇಳಿದರೆ ದಿನಬಳಕೆಗೆ ಚೌಕಳಿಯೇ ಇಲ್ಲದ ಗಾಢ ಬೂದು, ಕಂದು ಅಥವಾ ಪಾಚಿ ಹಸಿರು ಬಣ್ಣದ ಬಟ್ಟೆ ಎಲ್ಲಕ್ಕಿಂತ ಮೇಲು. ನಿಮ್ಮ ಕುಲ ಯಾವುದೆಂದು ಬಸ್ಸಿನಲ್ಲಿ ಕುಳಿತವರೆಲ್ಲ ವಿಚಾರಿಸುವುದು ಅದರಿಂದ ನಿಲ್ಲುತ್ತದೆ.

ದಿನಬಳಕೆಗೆ ಎಂಥ ಕಿಲ್ಟ್ ಕೊಳ್ಳಬೇಕು?

ಮೊದಲು ಬಟ್ಟೆಯ ತೂಕ ನೋಡಬೇಕು. ಕಿಲ್ಟಿನ ಉಣ್ಣೆಯನ್ನು ಗಜಕ್ಕೆ ಎಷ್ಟು ಔನ್ಸ್ ಎಂಬ ಲೆಕ್ಕದಲ್ಲಿ ಮಾರುತ್ತಾರೆ: 10ರಿಂದ 11 ಔನ್ಸ್ ಹಗುರ, 13 ಔನ್ಸ್ ಮಧ್ಯಮ, 16 ಔನ್ಸ್ ಭಾರಿ, ಸೇನೆಯ ಬಟ್ಟೆ ಅದಕ್ಕೂ ಹೆಚ್ಚು ತೂಗುತ್ತದೆ. ಭಾರ ಹೆಚ್ಚಿದಷ್ಟೂ ನೆರಿಗೆ ಚೂಪಾಗಿ ನಿಲ್ಲುತ್ತದೆ, ಗಾಳಿಗೆ ಹಾರುವುದಿಲ್ಲ, ಕೂತು ಎದ್ದಾಗ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. ಹಗುರವಾದಷ್ಟೂ ಸೆಖೆಗೆ ಹಿತ, ಪೆಟ್ಟಿಗೆಗೆ ಹಿತ, ಆದರೆ ಮಧ್ಯಾಹ್ನದ ಹೊತ್ತಿಗೆ ಹಿಂಭಾಗ ಮುದುಡಿಕೊಂಡಿರುತ್ತದೆ.

ಎರಡನೆಯದು ಬಟ್ಟೆಯ ಉದ್ದ. ಸಾಂಪ್ರದಾಯಿಕ ಕಿಲ್ಟಿಗೆ 8 ಗಜ, ಅಂದರೆ ಏಳು ಮೀಟರಿಗೂ ಹೆಚ್ಚು ಬಟ್ಟೆ ಹಿಡಿಯುತ್ತದೆ; ಅದರಲ್ಲಿ ಬಹುಪಾಲು ಹಿಂಭಾಗದ ನೆರಿಗೆಗಳಲ್ಲೇ ಅಡಗಿರುತ್ತದೆ. ಭಾರಿ ಬಟ್ಟೆಯದಾದರೆ ಇಡೀ ಉಡುಪು ಸುಮಾರು ಎರಡು ಕಿಲೋ ತೂಗುತ್ತದೆ. ದಿನಬಳಕೆಗೆಂದು 5 ಗಜದ ಕಿಲ್ಟುಗಳನ್ನೂ ಹೊಲಿಯುತ್ತಾರೆ. ಇವುಗಳಲ್ಲಿ ನೆರಿಗೆಗಳು ಕಡಿಮೆ ಅಥವಾ ಕಿರಿದು, ನಡೆದಾಗಿನ ತೂಗಾಟ ಸ್ವಲ್ಪ ಕಡಿಮೆ, ಆದರೆ ಸೊಂಟದ ಸುತ್ತ ಸೇರುವ ಸೆಖೆ ಬಹಳಷ್ಟು ಕಡಿಮೆ.

ಕೈಹೊಲಿಗೆಯ ಉಣ್ಣೆ ಕಿಲ್ಟ್ ನೂರಾರು ಪೌಂಡ್ ಬೆಲೆ ಬಾಳುತ್ತದೆ, ಚೆನ್ನಾಗಿ ನೋಡಿಕೊಂಡರೆ ಮಗನಿಗೂ ಬರುತ್ತದೆ. ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆಸಿದ ಬಟ್ಟೆಯದು ಕೆಲವೇ ಹತ್ತು ಪೌಂಡುಗಳಿಗೆ ಸಿಗುತ್ತದೆ, ಯಂತ್ರದಲ್ಲಿ ಒಗೆಯಬಹುದು, ಹುಳ ತಿನ್ನುವುದಿಲ್ಲ. ಶುದ್ಧ ಉಣ್ಣೆಯಲ್ಲದ್ದು ಕಿಲ್ಟೇ ಅಲ್ಲವೆನ್ನುವವರ ಮಾತಿಗೆ ಹೆದರಬೇಕಾಗಿಲ್ಲ. ಒಂದು ತಿಂಗಳು ಅಗ್ಗದ್ದನ್ನು ಉಟ್ಟು ಅಭ್ಯಾಸ ಮಾಡಿಕೊಂಡ ಮೇಲೆ ಉಣ್ಣೆಗೆ ಹಣ ಹಾಕುವುದು ಜಾಣತನ. ಸ್ಮರಣಿಕೆಯ ಅಂಗಡಿಗಳಲ್ಲಿ ಸಿಗುವ, ನೆರಿಗೆಯನ್ನು ಇಸ್ತ್ರಿಯಿಂದ ಮಾತ್ರ ಕೂರಿಸಿದ ತೆಳು ಅಕ್ರಿಲಿಕ್ ಉಡುಪನ್ನು ಮಾತ್ರ ಕೊಳ್ಳಬೇಡಿ, ಮೊದಲ ಮಳೆಗೇ ಅದರ ನೆರಿಗೆ ಕರಗುತ್ತದೆ.

ಅಳತೆ ಕೊಡುವಾಗ ಏನನ್ನು ಗಮನಿಸಬೇಕು?

ಕಿಲ್ಟನ್ನು ಜೀನ್ಸ್‌ನಂತೆ ಸೊಂಟದ ಮೂಳೆಯ ಮೇಲಲ್ಲ, ಹೊಕ್ಕುಳಿನ ಮಟ್ಟದಲ್ಲಿ ಉಡುತ್ತಾರೆ. ಆದ್ದರಿಂದ ಪ್ಯಾಂಟಿನ ಅಳತೆಯನ್ನೇ ಬರೆದು ಕಳುಹಿಸಿದರೆ ಕಿಲ್ಟ್ ತಪ್ಪು ಅಳತೆಗೆ ಹೊಲಿದು ಬರುತ್ತದೆ. ಟೇಪು ಹಿಡಿದೇ ಅಳೆಯಬೇಕು. ಕೆಳ ಅಂಚು ಮಂಡಿಚಿಪ್ಪಿನ ಮಧ್ಯಭಾಗಕ್ಕೆ ಅಥವಾ ಅದರ ಮೇಲಂಚಿಗೆ ಬರಬೇಕು. ನೇರವಾಗಿ ಮಂಡಿಯೂರಿದಾಗ ಅಂಚು ನೆಲಕ್ಕೆ ತಾಗದೆ ಒಂದು ಅಂಗುಲದಷ್ಟು ಮೇಲಿದ್ದರೆ ಉದ್ದ ಸರಿಯಿದೆಯೆಂದು ಅರ್ಥ. ಗಂಡಸರ ಕಿಲ್ಟಿನಲ್ಲಿ ಮುಂಭಾಗದ ಮೇಲಿನ ಪದರ ಎಡದಿಂದ ಬಂದು ಬಲ ಸೊಂಟದಲ್ಲಿ ಬಕಲ್ ಸೇರುತ್ತದೆ, ನೆರಿಗೆಗಳೆಲ್ಲ ಹಿಂದಕ್ಕೇ ಇರುತ್ತವೆ. ನೆರಿಗೆಯನ್ನು ಮುಂದಕ್ಕೆ ಮಾಡಿಕೊಂಡು ಫೋಟೋ ತೆಗೆಸಿಕೊಂಡವರು ಪ್ರವಾಸಿ ತಾಣಗಳಲ್ಲಿ ಬೇಕಾದಷ್ಟು ಸಿಗುತ್ತಾರೆ.

ಸ್ಪೊರನ್ ಚೀಲ, ಪಿನ್, ಕಾಲುಚೀಲದ ಚೂರಿ ಎಲ್ಲವೂ ದಿನವೂ ಬೇಕೇ?

ಬೇಡ. ಸಾದಾ ಕಿಲ್ಟಿಗೆ ಜೇಬಿಲ್ಲದ ಕಾರಣ ಹಣ, ಬೀಗದ ಕೈ, ಫೋನು ಇಡಲು ಚರ್ಮದ ಸಾದಾ ಸ್ಪೊರನ್, ಅಂದರೆ ಸೊಂಟದಿಂದ ಮುಂದಕ್ಕೆ ತೂಗುಬಿಡುವ ಚೀಲ, ಇರಲಿ. ತುಪ್ಪಳದ್ದು, ಕುದುರೆಕೂದಲಿನದು ಔತಣಕ್ಕೆ ಮತ್ತು ಬ್ಯಾಂಡಿಗೆ ಮೀಸಲು. ಪಿನ್ನನ್ನು ಮೇಲಿನ ಪದರದ ಬಲ ಕೆಳಮೂಲೆಗೆ ಮಾತ್ರ ಚುಚ್ಚಬೇಕು. ಎರಡೂ ಪದರಗಳನ್ನು ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಹರಿಯುತ್ತದೆ. ಸ್ಕೀಅನ್ ಡೂ ಎಂಬ ಆ ಸಣ್ಣ ಚೂರಿಯನ್ನು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಉಡುಪಿನ ಭಾಗವಾಗಿ ಇಟ್ಟುಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ, ಆದರೆ ಟೀ ಶರ್ಟಿನ ಜೊತೆ ಕಿಲ್ಟ್ ಉಟ್ಟು ಬ್ಯಾಂಕಿಗೆ ಹೋಗುವಾಗ ಅದರ ಅಗತ್ಯವೇನು? ಸಾದಾ ಅಂಗಿ ಅಥವಾ ಸ್ವೆಟರ್, ಮಡಚಿದ ದಪ್ಪ ಕಾಲುಚೀಲ, ಗಟ್ಟಿ ಬೂಟು, ಇಷ್ಟಾದರೆ ದಿನದ ಉಡುಪು ಪೂರ್ತಿಯಾಯಿತು.

ಕಿಲ್ಟಿನ ಒಳಗೆ ಏನು ಹಾಕಿಕೊಳ್ಳಬೇಕು?

ಚಡ್ಡಿ. ಏನೂ ಹಾಕದಿರುವುದೇ ಸಂಪ್ರದಾಯ ಎಂಬುದು ಹೈಲ್ಯಾಂಡ್ ಸೇನಾಪಡೆಗಳ ಸುತ್ತ ಬೆಳೆದ ಮಾತು. ಹೈಲ್ಯಾಂಡ್ ನೃತ್ಯದ ಸ್ಪರ್ಧೆಗಳಲ್ಲಿಯೂ ದಿಮ್ಮಿ ಎಸೆಯುವ ಕ್ರೀಡೆಗಳಲ್ಲಿಯೂ ಒಳ ಉಡುಪು ಇದ್ದೇ ಇರುತ್ತದೆ. ಬಾಡಿಗೆ ಕಿಲ್ಟುಗಳ ವಿಷಯದಲ್ಲಂತೂ 2010ರಲ್ಲಿ ಸ್ಕಾಟಿಷ್ ಟಾರ್ಟನ್ಸ್ ಅಥಾರಿಟಿಯ ನಿರ್ದೇಶಕರೇ ಏನೂ ಹಾಕದಿರುವುದು ಬಾಲಿಶ, ಅನಾರೋಗ್ಯಕರ ಎಂದು ಹೇಳಿದ್ದರು. ದಿನವಿಡೀ ಒರಟು ಉಣ್ಣೆ ತೊಡೆಗೆ ಉಜ್ಜುವುದನ್ನು ಅನುಭವಿಸಿದವರಿಗೆ ಈ ಚರ್ಚೆಯಲ್ಲಿ ಆಸಕ್ತಿ ಉಳಿಯುವುದಿಲ್ಲ. ತೊಡೆಯ ಅರ್ಧದವರೆಗೆ ಬರುವ, ಗಾಢ ಬಣ್ಣದ ಬಿಗಿ ಹತ್ತಿ ಚಡ್ಡಿ ಎಲ್ಲಕ್ಕಿಂತ ಅನುಕೂಲ.

ಪಂಚೆ, ಲುಂಗಿ ಉಟ್ಟು ಅಭ್ಯಾಸವಿರುವವರಿಗೆ ಇದು ಸುಲಭವೇ?

ಅರ್ಧ ಸುಲಭ. ಕಾಲುಗಳ ನಡುವೆ ಬಟ್ಟೆಯಿಲ್ಲದೆ ನಡೆಯುವ, ಮೆಟ್ಟಿಲು ಹತ್ತುವ ಅಭ್ಯಾಸ ನಮಗೆ ಇದ್ದೇ ಇದೆ. ಪ್ಯಾಂಟಿನಲ್ಲೇ ಹುಟ್ಟಿ ಬೆಳೆದವರಿಗೆ ಮೊದಲ ವಾರ ಆಗುವ ಸಂಕೋಚ ನಮಗೆ ಆಗುವುದಿಲ್ಲ. ಆದರೆ ಪಂಚೆ ಪಾದದವರೆಗೆ ಇಳಿಯುತ್ತದೆ, ಬೇಕೆಂದಾಗ ಮೇಲೆತ್ತಿ ಕಟ್ಟಬಹುದು, ಸಡಿಲವಾದರೆ ಬಿಚ್ಚಿ ಬಿಗಿಯಬಹುದು. ಕಿಲ್ಟಿನ ಉದ್ದ ಒಂದೇ, ಅದು ಮಂಡಿಯವರೆಗೆ ಮಾತ್ರ. ಜಗಲಿಯ ಮೇಲೆ ಪಂಚೆ ಉಟ್ಟು ಚಕ್ಕಳಮಕ್ಕಳ ಹಾಕಿ ಕೂರುವವರು ಕಿಲ್ಟಿನಲ್ಲಿ ಹಾಗೆ ಕೂತರೆ ಎದುರಿಗಿರುವವರು ಮುಖ ತಿರುಗಿಸಬೇಕಾಗುತ್ತದೆ.

ಹಾಗಾದರೆ ಕೂರುವುದು, ಬಗ್ಗುವುದು ಹೇಗೆ?

ಕೂರುವಾಗ ಎರಡೂ ಅಂಗೈಗಳಿಂದ ಹಿಂದಿನ ನೆರಿಗೆಗಳನ್ನು ಮೇಲಿನಿಂದ ಕೆಳಕ್ಕೆ ಸವರಿ, ನೆರಿಗೆ ಮಡಚದಂತೆ ಕೂರಬೇಕು. ಬಳಿಕ ಮಂಡಿಗಳನ್ನು ಹತ್ತಿರ ತಂದು ಮುಂಭಾಗದ ಬಟ್ಟೆಯನ್ನು ತೊಡೆಗಳ ನಡುವೆ ತುಸು ಇಳಿಬಿಟ್ಟರೆ ಸ್ಪೊರನ್‌ನ ಭಾರವೇ ಅದನ್ನು ಹಿಡಿದಿಡುತ್ತದೆ. ನೆಲದಿಂದ ಏನನ್ನಾದರೂ ಎತ್ತಬೇಕಾದರೆ ಸೊಂಟ ಬಗ್ಗಿಸದೆ ಒಂದು ಮಂಡಿಯೂರಿ ಕೂರಬೇಕು. ಕಾರು ಹತ್ತುವಾಗ ಮೊದಲು ಆಸನದ ಮೇಲೆ ಕೂತು, ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ನೆಲದಡಿಯ ರೈಲಿನ ಗಾಳಿಕಿಂಡಿಗಳ ಮೇಲೆ, ಬಂದರಿನ ಕಟ್ಟೆಗಳ ಮೇಲೆ, ಎತ್ತರದ ಸೇತುವೆಗಳ ಮೇಲೆ ಕೈ ಬಟ್ಟೆಯ ಮೇಲಿರಲಿ. ಶೌಚಾಲಯದಲ್ಲಿ ನೆರಿಗೆಗಳನ್ನೆಲ್ಲ ಹಿಂದಿನಿಂದ ಎತ್ತಿ ಮುಂದಕ್ಕೆ ತಂದು ಮಡಿಲಲ್ಲಿ ಹಿಡಿದುಕೊಳ್ಳಬೇಕು, ಒದ್ದೆ ನೆಲಕ್ಕೆ ತಾಗದಿರಲು ಬೇರೆ ದಾರಿಯಿಲ್ಲ.

ಕಚೇರಿಗೆ ಉಟ್ಟು ಹೋಗಬಹುದೇ?

ಮೇಲಧಿಕಾರಿಗೆ ಮೊದಲೇ ತಿಳಿಸಿದ್ದರೆ ಹೋಗಬಹುದು. ಏಕಬಣ್ಣದ ಕಿಲ್ಟ್, ಇಸ್ತ್ರಿ ಮಾಡಿದ ಅಂಗಿ, ಸಾದಾ ಟ್ವೀಡ್ ಜಾಕೆಟ್ ಇದ್ದರೆ ಸೂಟಿಗೆ ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ. ತಿರುಗುವ ಯಂತ್ರಗಳ ಬಳಿ, ಬೆಂಕಿಯ ಬಳಿ, ಎತ್ತರದ ಏಣಿಗಳ ಮೇಲೆ ಕೆಲಸವಿರುವವರು ಪ್ಯಾಂಟನ್ನೇ ತೊಡಲಿ.

ಚಳಿ, ಮಳೆ, ಸೆಖೆಗಳಲ್ಲಿ ಹೇಗಿರುತ್ತದೆ?

ಚಳಿ ಬಹುಮಂದಿ ಊಹಿಸುವಷ್ಟು ಕಾಡುವುದಿಲ್ಲ. ಸೊಂಟ, ತೊಡೆಗಳಿಗೆ ಹಲವು ಪದರ ಉಣ್ಣೆಯ ರಕ್ಷಣೆ, ಮಂಡಿಯ ಕೆಳಗೆ ದಪ್ಪ ಕಾಲುಚೀಲ. ಬರಿದಾಗಿರುವುದು ಮಂಡಿ ಮಾತ್ರ. ನಿಜವಾದ ಶತ್ರು ಮಳೆ. ನೆನೆದ ಭಾರಿ ಉಣ್ಣೆ ನೀರು ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ, ಒದ್ದೆ ಅಂಚು ಮಂಡಿಯ ಹಿಂಭಾಗವನ್ನು ಗೀರುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೈಲ್ಯಾಂಡ್ ಸೈನಿಕರ ಕಿಲ್ಟಿನ ಅಂಚಿಗೆ ಮೆತ್ತಿದ ಕೆಸರು ಹೆಪ್ಪುಗಟ್ಟಿ ಕಾಲುಗಳನ್ನು ಕೊಯ್ಯುತ್ತಿತ್ತು, ನೆರಿಗೆಗಳಲ್ಲಿ ಹೇನು ಮನೆ ಮಾಡುತ್ತಿತ್ತು. ಎರಡನೆಯ ಮಹಾಯುದ್ಧದ ಆರಂಭದಲ್ಲೇ, 1940ರ ಹೊತ್ತಿಗೆ, ಕಿಲ್ಟನ್ನು ಯುದ್ಧಭೂಮಿಯಿಂದ ಹಿಂತೆಗೆದುಕೊಳ್ಳಲು ಇಂಥ ಕಾರಣಗಳೂ ಸೇರಿದ್ದವು. ಇಂದಿನವರಿಗೆ ಅಷ್ಟು ಕಷ್ಟವಿಲ್ಲ, ಮಂಡಿಯ ಕೆಳಗಿನವರೆಗೆ ಬರುವ ಮಳೆಕೋಟು ಸಾಕು.

ಸೆಖೆಯಲ್ಲಿ ಕಾಲುಗಳಿಗೆ ಗಾಳಿ ಸಿಗುತ್ತದೆ, ಸೊಂಟಕ್ಕೆ ಮಾತ್ರ ಬೆವರು ಕಟ್ಟುತ್ತದೆ. ಚೆನ್ನೈ, ಸಿಂಗಪುರ, ದುಬೈಗಳಂಥ ಊರುಗಳಿಗೆ 8 ಗಜದ ಉಣ್ಣೆಯನ್ನು ಒಯ್ಯುವುದು ವ್ಯರ್ಥ ಸಾಹಸ. ಹಗುರವಾದ 5 ಗಜದ್ದು ಅಥವಾ ಹತ್ತಿಯದು ಇರಲಿ.

ಒಗೆಯುವುದು, ಕಾಪಾಡುವುದು ಹೇಗೆ?

ಉಣ್ಣೆ ಕಿಲ್ಟನ್ನು ಪದೇ ಪದೇ ಒಗೆಯಬಾರದು. ಉಟ್ಟು ಬಂದ ರಾತ್ರಿ ಸೊಂಟಪಟ್ಟಿಯನ್ನು ಕ್ಲಿಪ್ಪಿನ ಹ್ಯಾಂಗರಿಗೆ ಸಿಕ್ಕಿಸಿ ಗಾಳಿಗೆ ತೂಗುಹಾಕಿ, ಒಣಗಿದ ಕೆಸರನ್ನು ಬ್ರಷ್ಷಿನಿಂದ ಉದುರಿಸಿ, ಕಲೆಯಾದ ಕಡೆ ಮಾತ್ರ ತಣ್ಣೀರು ಮುಟ್ಟಿಸಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ಡ್ರೈ ಕ್ಲೀನಿಂಗ್‌ಗೆ ಕೊಡುವ ಮುನ್ನ ನೆರಿಗೆಗಳನ್ನು ಉದ್ದುದ್ದ ಕಚ್ಚಾ ಹೊಲಿಗೆಯಿಂದ ಹಿಡಿದಿಟ್ಟರೆ ಅವರ ಇಸ್ತ್ರಿಯಿಂದ ನೆರಿಗೆ ಸ್ಥಾನ ತಪ್ಪುವುದಿಲ್ಲ. ಬಟ್ಟೆ ತಿನ್ನುವ ಹುಳಕ್ಕೆ ಉಣ್ಣೆಯೆಂದರೆ ಹಬ್ಬ. ಬೀರುವಿನಲ್ಲಿ ನುಸಿಗುಳಿಗೆ ಇಡಿ, ಎಲ್ಲಕ್ಕಿಂತ ಮೇಲಾಗಿ ಆಗಾಗ ಹೊರತೆಗೆದು ಉಡಿ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಏನಾಗುತ್ತದೆ?

ಸೊಂಟದ ಬಕಲ್‌ಗಳು, ಪಿನ್, ಕಿಲ್ಟಿನ ಮೇಲೆ ಕಟ್ಟುವ ಅಗಲ ಪಟ್ಟಿಯ ದೊಡ್ಡ ಬಿಲ್ಲೆ, ಸ್ಪೊರನ್‌ನ ಸರಪಳಿ ಎಲ್ಲವೂ ಲೋಹ. ಪಿನ್, ಪಟ್ಟಿ, ಸ್ಪೊರನ್ ಮೂರನ್ನೂ ಸಾಲಿನಲ್ಲಿರುವಾಗಲೇ ಬಿಚ್ಚಿ ತಟ್ಟೆಯಲ್ಲಿ ಹಾಕಿ. ಕಿಲ್ಟನ್ನು ಹಿಡಿದಿಟ್ಟಿರುವುದು ಅದರದೇ ಚರ್ಮದ ಪಟ್ಟಿಗಳೇ ಹೊರತು ಅಗಲ ಪಟ್ಟಿಯಲ್ಲ, ಆದ್ದರಿಂದ ಅದನ್ನು ತೆಗೆದರೆ ಏನೂ ಜಾರುವುದಿಲ್ಲ. ಹೊಲಿದು ಸೇರಿಸಿದ ಬಕಲ್‌ಗಳಿಂದ ಯಂತ್ರ ಕೂಗಿದರೆ, ಅಥವಾ ಉಡುಪು ಸಡಿಲವಾಗಿದೆಯೆಂಬ ಕಾರಣಕ್ಕೆ, ಸಿಬ್ಬಂದಿ ಕೈಯಿಂದ ತಡವಿ ನೋಡಬಹುದು. ಮುಜುಗರವೆನಿಸಿದರೆ ಪ್ರತ್ಯೇಕ ಕೋಣೆ ಕೇಳಿ. ಒಳಗೆ ಚಡ್ಡಿ ಇರಬೇಕೆಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಚೂರಿಯನ್ನು ಎಂದಿಗೂ ಕೈಚೀಲದಲ್ಲಾಗಲಿ ಕಾಲುಚೀಲದಲ್ಲಾಗಲಿ ಇಟ್ಟುಕೊಂಡು ತಪಾಸಣೆಗೆ ಹೋಗಬೇಡಿ. ಮದುವೆಗೆ ಬೇಕೇ ಬೇಕೆಂದಿದ್ದರೆ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡಿ. ಇಳಿಯುವ ದೇಶದ ನಿಯಮವನ್ನೂ ನೋಡಬೇಕು. ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸಕಾರಣವಿಲ್ಲದೆ ಹೊತ್ತು ತಿರುಗುವುದು ಅಪರಾಧ, ಸ್ಕೀಅನ್ ಡೂವಿನ ಅಲಗು ಸಾಮಾನ್ಯವಾಗಿ ಅದಕ್ಕಿಂತ ಉದ್ದ. ಸ್ಪೊರನ್ ಯಾವ ಪ್ರಾಣಿಯ ಚರ್ಮದ್ದೆಂಬುದೂ ಮುಖ್ಯ. ಸೀಲ್ ಚರ್ಮದ ವಸ್ತುಗಳನ್ನು ಒಳಗೆ ತರುವುದನ್ನು ಅಮೆರಿಕ 1972ರ ಕಡಲ ಸಸ್ತನಿಗಳ ರಕ್ಷಣಾ ಕಾಯ್ದೆಯಿಂದ ನಿರ್ಬಂಧಿಸಿದೆ, ಯುರೋಪಿಯನ್ ಒಕ್ಕೂಟ ಅವುಗಳ ವ್ಯಾಪಾರವನ್ನು 2009ರಲ್ಲಿ ನಿಷೇಧಿಸಿತು. ತಾತನ ಕಾಲದ ಸೀಲ್ ಚರ್ಮದ ಸ್ಪೊರನ್ ಮನೆಯಲ್ಲೇ ಇರಲಿ, ಪ್ರವಾಸಕ್ಕೆ ದನದ ಚರ್ಮದ್ದು ಸಾಕು.

ಉದ್ದ ಪ್ರಯಾಣದಲ್ಲಿ ಉಟ್ಟುಕೊಂಡೇ ಹೋಗುವುದು ಒಳ್ಳೆಯದೇ, ಪೆಟ್ಟಿಗೆಯಲ್ಲಿ ಒಯ್ಯುವುದೇ?

ಭಾರಿ ಕಿಲ್ಟ್ ಆದರೆ ಉಟ್ಟುಕೊಂಡೇ ಹೋಗಿ. ಪೆಟ್ಟಿಗೆಯ ತೂಕದಲ್ಲಿ ಎರಡು ಕಿಲೋ ಉಳಿಯುತ್ತದೆ, ವಿಮಾನದ ಚಳಿಗೆ ಕಂಬಳಿಯೂ ಆಗುತ್ತದೆ. ಆಸನದಲ್ಲಿ ಕೂತ ಮೇಲೆ ಸ್ಪೊರನ್ನನ್ನು ಪಕ್ಕಕ್ಕೆ ಸರಿಸಿ ಬೆಲ್ಟ್ ಕಟ್ಟಿಕೊಳ್ಳಿ, ಮೇಲಿನ ಬಕಲ್ಲನ್ನು ಒಂದು ತೂತು ಸಡಿಲಿಸಿ. ಹೊಕ್ಕುಳಿನ ಮಟ್ಟದಲ್ಲಿ ಬಿಗಿದ ಉಡುಪಿನಲ್ಲಿ ಹತ್ತು ಗಂಟೆ ಕೂತು ಎರಡು ಊಟ ಮಾಡುವುದು ಹಗುರದ ಮಾತಲ್ಲ. ಪಾಸ್‌ಪೋರ್ಟ್ ಸ್ಪೊರನ್‌ನಲ್ಲಿದ್ದರೆ ಕಣ್ಣೆದುರೇ ಇರುತ್ತದೆ. ಜೇಬುಗಳ್ಳರಿಗೆ ಅದಕ್ಕಿಂತ ಕಷ್ಟದ ಜಾಗ ಮತ್ತೊಂದಿಲ್ಲ.

ಪೆಟ್ಟಿಗೆಯಲ್ಲಿ ಒಯ್ಯುವುದಾದರೆ ಮಡಚಬೇಡಿ, ಸುತ್ತಿ. ಹಾಸಿಗೆಯ ಮೇಲೆ ನೆರಿಗೆಗಳನ್ನು ಸರಿಪಡಿಸಿ, ನೆರಿಗೆಯ ಉದ್ದಕ್ಕೆ ಸಮಾನಾಂತರವಾಗಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬಿಗಿಯಾಗಿ ಸುರುಳಿ ಸುತ್ತಿ, ಹಳೆಯ ಉದ್ದ ಸ್ಟಾಕಿಂಗ್ಸ್‌ನ ಒಂದು ಕಾಲನ್ನು ಕತ್ತರಿಸಿ ಅದರೊಳಗೆ ತೂರಿಸಿದರೆ ತಲುಪುವ ತನಕ ನೆರಿಗೆ ಅಲುಗುವುದಿಲ್ಲ. ಹೋಟೆಲಿನ ಸ್ನಾನದ ಕೋಣೆಯಲ್ಲಿ ಬಿಸಿನೀರು ಬಿಟ್ಟು ಆವಿಯಲ್ಲಿ ತೂಗುಹಾಕಿದರೆ ಉಳಿದ ಸುಕ್ಕೂ ಹೋಗುತ್ತದೆ.

ಯಾವ ದೇಶಗಳಲ್ಲಿ ತೊಂದರೆಯಾಗಬಹುದು?

ಪಶ್ಚಿಮ ಯುರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಿಲ್ಟನ್ನು ಗುರುತಿಸದವರಿಲ್ಲ. 2024ರ ಯುರೋಪಿಯನ್ ಫುಟ್‌ಬಾಲ್ ಪಂದ್ಯಾವಳಿಯ ಉದ್ಘಾಟನಾ ಪಂದ್ಯಕ್ಕೆ ಮ್ಯೂನಿಕ್‌ನಲ್ಲಿ ಸೇರಿದ ಸ್ಕಾಟ್ಲೆಂಡಿನ ಅಭಿಮಾನಿಗಳು ಊರಿನ ಚೌಕವನ್ನೇ ಕಿಲ್ಟುಗಳಿಂದ ತುಂಬಿದ್ದರು. ಪಂದ್ಯವನ್ನು 5-1ರಿಂದ ಸೋತರೂ ಜರ್ಮನ್ನರ ಪ್ರೀತಿಯನ್ನು ಗೆದ್ದುಕೊಂಡು ಬಂದರು. ಗಂಡಸರು ಸುತ್ತುಡುಪನ್ನೇ ನಿತ್ಯ ಉಡುವ ಮ್ಯಾನ್ಮಾರ್, ಸುಲು ಎಂಬ ಸುತ್ತುಡುಪು ಉಟ್ಟು ಪೊಲೀಸರು ಸಂಚಾರ ನಿಯಂತ್ರಿಸುವ ಫಿಜಿ ಮುಂತಾದ ಕಡೆ ಕಿಲ್ಟ್ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಗ್ರೀಸಿನಲ್ಲಂತೂ ಸಂಸತ್ತಿನ ಮುಂದಿನ ಕಾವಲುಗಾರರೇ ಫುಸ್ತನೆಲ್ಲಾ ಎಂಬ ನೂರಾರು ನೆರಿಗೆಗಳ ಬಿಳಿಯ ಲಂಗ ಧರಿಸಿ ನಿಲ್ಲುತ್ತಾರೆ.

ಎಚ್ಚರ ಬೇಕಾದದ್ದು ಗಂಡಸರ ಮಂಡಿ ಕಾಣುವುದೇ ಅಸಭ್ಯವೆನ್ನುವ ಕಡೆ, ಮತ್ತು ಗಂಡಸರು ಹೆಂಗಸರ ಉಡುಪು ತೊಡುವುದು ಅಪರಾಧವೆನ್ನುವ ಕಡೆ. ಸೌದಿ ಅರೇಬಿಯಾ 2019ರಲ್ಲಿ ತಂದ ಸಾರ್ವಜನಿಕ ಶಿಷ್ಟಾಚಾರದ ನಿಯಮಗಳು ಅಸಭ್ಯ ಉಡುಪಿಗೆ ದಂಡ ವಿಧಿಸುತ್ತವೆ. ಕುವೈತ್‌ನಲ್ಲಿ ವಿರುದ್ಧ ಲಿಂಗದವರನ್ನು ಅನುಕರಿಸುವುದನ್ನು ಅಪರಾಧವಾಗಿಸಿದ 2007ರ ಕಾನೂನನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2022ರಲ್ಲಷ್ಟೇ ರದ್ದುಪಡಿಸಿತು. ಕಿಲ್ಟ್ ಹೆಂಗಸರ ಉಡುಪಲ್ಲವೆಂಬ ವಾದ ಸರಿಯೇ, ಆದರೆ ಬೀದಿಯಲ್ಲಿ ತಡೆದು ನಿಲ್ಲಿಸಿದ ಪೊಲೀಸನಿಗೆ 1747ರ ಇತಿಹಾಸ ಹೇಳುವ ಸಂದರ್ಭವನ್ನು ತಂದುಕೊಳ್ಳದಿರುವುದೇ ಒಳಿತು. ಆ ಕಡೆ ವಿಮಾನ ಬದಲಿಸಿ ಊರೊಳಗೆ ಹೋಗುವ ಯೋಚನೆಯಿದ್ದರೆ ಕೈಚೀಲದಲ್ಲಿ ಪ್ಯಾಂಟೊಂದು ಇರಲಿ.

ಚರ್ಚು, ದೇವಸ್ಥಾನಗಳಿಗೆ ಹೋಗಬಹುದೇ?

ವ್ಯಾಟಿಕನ್ನಿನ ಸಂತ ಪೀಟರ್ ಬೆಸಿಲಿಕಾದಲ್ಲಿ ಭುಜ, ಮಂಡಿಗಳು ಮುಚ್ಚಿರಬೇಕು. ಮಂಡಿಯ ಮಧ್ಯಕ್ಕೆ ಬರುವ ಕಿಲ್ಟನ್ನು ಒಳಗೆ ಬಿಡುವುದು ಬಾಗಿಲಲ್ಲಿರುವವರ ಇಚ್ಛೆಗೆ ಬಿಟ್ಟದ್ದು. ಬ್ಯಾಂಕಾಕಿನ ಅರಮನೆ ಆವರಣದ ದೇವಾಲಯಕ್ಕೆ ಗಂಡಸರು ಉದ್ದ ಪ್ಯಾಂಟು ತೊಟ್ಟೇ ಹೋಗಬೇಕು.

ಕಿಲ್ಟ್ ಉಟ್ಟು ಕರ್ನಾಟಕಕ್ಕೆ ಬಂದರೆ?

ಪೊಲೀಸರ ತೊಂದರೆಯಿಲ್ಲ, ನಗು ಮಾತ್ರ ತಪ್ಪಿದ್ದಲ್ಲ. ಗಂಡಸಿನ ಸುತ್ತುಡುಪು ನಮ್ಮಲ್ಲಿ ಹೊಸದಲ್ಲ, ಆದರೆ ಚೌಕಳಿಯ ನೆರಿಗೆ ಬಟ್ಟೆ ನಮ್ಮ ಊರುಗಳಲ್ಲಿ ಕಾನ್ವೆಂಟಿನ ಹುಡುಗಿಯರ ಸಮವಸ್ತ್ರ. ಕೆಂಪು ಟಾರ್ಟನ್ ಉಟ್ಟು ಮಲ್ಲೇಶ್ವರದ ಬೀದಿಯಲ್ಲಿ ನಡೆದರೆ ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಏಕಬಣ್ಣದ ಬಟ್ಟೆಯ ಪರವಾಗಿ ಇದಕ್ಕಿಂತ ಬಲವಾದ ವಾದ ನನಗೆ ತಿಳಿಯದು.

ದೇವಸ್ಥಾನಗಳ ವಿಷಯ ಬೇರೆ. ಕಿಲ್ಟಿನ ಪಟ್ಟಿಗಳು ಚರ್ಮದ್ದು, ಬಟ್ಟೆಗೇ ಹೊಲಿದು ಸೇರಿಸಿದ್ದು. ಸೊಂಟದ ಬೆಲ್ಟನ್ನೂ ಹೊರಗೆ ಬಿಚ್ಚಿಡುವ ಗುಡಿಗಳಿಗೆ ಅದು ಒಪ್ಪುವುದಿಲ್ಲ. ಉಡುಪಿಯ ಕೃಷ್ಣಮಠ, ಧರ್ಮಸ್ಥಳಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಪದ್ಧತಿಯಿದೆ, ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ಪಂಚೆ ಕಡ್ಡಾಯ. ಅಲ್ಲಿಗೆಲ್ಲ ಪಂಚೆಯನ್ನೇ ಉಟ್ಟು ಹೋಗಿ.

ಜನ ಬಟ್ಟೆ ಎತ್ತಿ ನೋಡಲು ಬಂದರೆ ಏನು ಮಾಡಬೇಕು?

ಇದು ತಮಾಷೆಯಾಗಿ ಆರಂಭವಾಗಿ ಬೇಸರದಲ್ಲಿ ಮುಗಿಯುವ ಪ್ರಶ್ನೆ. ಒಳಗೇನಿದೆ ಎಂದು ಕೇಳುವವರಿಗೆ ನಗುನಗುತ್ತಾ ಬೂಟು ಮತ್ತು ಕಾಲುಚೀಲ ಎಂದು ಹೇಳಿ ಮುಂದೆ ಹೋಗಬಹುದು. ಕೈಹಾಕಿ ಎತ್ತುವವರ ವಿಷಯದಲ್ಲಿ ನಗಬೇಕಾಗಿಲ್ಲ. ಹೆಣ್ಣುಮಕ್ಕಳ ಮೈಮೇಲೆ ಹಾಗೆ ಕೈಹಾಕಿದರೆ ಅದು ಏನೋ, ಇದೂ ಅದೇ. ಪಬ್ಬುಗಳಲ್ಲಿ, ಮದುವೆಯ ಔತಣಗಳಲ್ಲಿ ಕುಡಿದವರ ನಡುವೆ ಇದು ಹೆಚ್ಚು, ಕಿಲ್ಟ್ ಸಮವಸ್ತ್ರವಾಗಿರುವ ಹೋಟೆಲ್ ಮಾಣಿಗಳು ಇದರ ಬಗ್ಗೆ ದೂರುವುದೂ ಉಂಟು. ಅನುಮತಿಯಿಲ್ಲದೆ ಬಟ್ಟೆಯ ಕೆಳಗಿನಿಂದ ಫೋಟೋ ತೆಗೆಯುವುದು ಸ್ಕಾಟ್ಲೆಂಡಿನಲ್ಲಿ 2010ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2019ರಿಂದ ಪ್ರತ್ಯೇಕ ಅಪರಾಧ. ಕಿಲ್ಟ್ ಉಟ್ಟ ಗಂಡಸರಿಗೂ ಆ ರಕ್ಷಣೆ ಅನ್ವಯಿಸುತ್ತದೆ.

ಗುಡ್ಡ ಹತ್ತಲು, ಉದ್ದದ ಕಾಲ್ನಡಿಗೆಗೆ ಕಿಲ್ಟ್ ಅನುಕೂಲವೇ?

ಬಹಳ. ಹೆಜ್ಜೆಗೆ ಅಡ್ಡಿಯಿಲ್ಲ, ತೊಡೆಸಂದಿನಲ್ಲಿ ಬೆವರು ನಿಲ್ಲುವುದಿಲ್ಲ, ಹಳ್ಳ ದಾಟುವಾಗ ಮಡಚಿಕೊಳ್ಳಲು ಪ್ಯಾಂಟಿನ ಕಾಲಿಲ್ಲ. ಆದರೆ ಹೈಲ್ಯಾಂಡ್ಸ್‌ನಲ್ಲಿ, ಉದಾಹರಣೆಗೆ ಮಿಲ್‌ಗಾಯ್‌ನಿಂದ ಫೋರ್ಟ್ ವಿಲಿಯಂವರೆಗಿನ 154 ಕಿಲೋಮೀಟರಿನ ವೆಸ್ಟ್ ಹೈಲ್ಯಾಂಡ್ ವೇ ಹಾದಿಯಲ್ಲಿ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಿಜ್ ಎಂಬ ಗುಂಗುರಿನಂಥ ಕಚ್ಚುಹುಳಗಳು ಮೋಡದಂತೆ ಕವಿಯುತ್ತವೆ, ಬರಿ ಮಂಡಿ ಅವಕ್ಕೆ ಬಲು ಪ್ರಿಯ. ಜರಿಗಿಡಗಳ ಪೊದೆಗಳಲ್ಲಿ ಉಣುಗುಗಳಿರುತ್ತವೆ; ಅವುಗಳಿಂದ ಲೈಮ್ ರೋಗ ಹರಡುತ್ತದೆಯಾದ್ದರಿಂದ ಸಂಜೆ ಮಂಡಿಯ ಹಿಂಭಾಗ, ತೊಡೆಸಂದು, ನೆರಿಗೆಗಳ ಒಳಮಡಿಕೆಗಳನ್ನು ತಪ್ಪದೆ ಪರೀಕ್ಷಿಸಬೇಕು. ಬೆನ್ನುಚೀಲದ ಸೊಂಟಪಟ್ಟಿ ಕಿಲ್ಟಿನ ಬಕಲ್‌ಗಳ ಮೇಲೆ ಒತ್ತಿದರೆ ಗಾಯವಾಗುತ್ತದೆ, ಅಲ್ಲಿ ಮೆತ್ತನೆಯ ಬಟ್ಟೆ ಕೊಡಿ.

ಪರ ಊರಿನಲ್ಲಿ ಚರ್ಮದ ಪಟ್ಟಿ ಕಿತ್ತುಹೋದರೆ?

ಎರಡು ದೊಡ್ಡ ಸೇಫ್ಟಿ ಪಿನ್ನುಗಳು, ದಪ್ಪ ಸೂಜಿ, ಮೇಣ ಸವರಿದ ದಾರ ಸದಾ ಸ್ಪೊರನ್‌ನಲ್ಲಿರಲಿ. ಒಳಗಿನ ಪದರದ ಪಟ್ಟಿ ಹೋಯಿತೆಂದರೆ ಆ ಜಾಗಕ್ಕೆ ಸೇಫ್ಟಿ ಪಿನ್ ಚುಚ್ಚಿ ಸಂಜೆಯವರೆಗೆ ನಿಭಾಯಿಸಬಹುದು. ಹೊರಗಿನದು ಹೋದರೆ ಪಿನ್ನಿನ ಮೇಲೆ ಅಗಲ ಪಟ್ಟಿಯನ್ನೂ ಬಿಗಿಯಾಗಿ ಕಟ್ಟಿ. ದುರಸ್ತಿಗೆ ಕಿಲ್ಟ್ ದರ್ಜಿಯನ್ನು ಹುಡುಕಬೇಕಾಗಿಲ್ಲ. ಚಪ್ಪಲಿ ಹೊಲಿಯುವವರು ಅದೇ ಅಗಲದ ಚರ್ಮದ ಪಟ್ಟಿ ಕತ್ತರಿಸಿ, ತೂತು ಹಾಕಿ, ಅರ್ಧ ಗಂಟೆಯಲ್ಲಿ ಹೊಲಿದು ಕೊಡುತ್ತಾರೆ. ಹೊಲಿಯುವ ಹೊತ್ತಿಗೆ ಉಟ್ಟುಕೊಳ್ಳಲು ಬೇರೇನಾದರೂ ಇದೆಯೇ ಎಂದು ಮೊದಲೇ ನೋಡಿಕೊಂಡು ಹೋಗಿ.